ಸುಂಕದ ಸುದ್ದಿ ಬಂದಾಗ ನಮ್ಮ ಬೆಳೆಯ ಲೆಕ್ಕ ಹಾಕುವುದು ಹೇಗೆ

ನಾನು ಚಿಂತಾಮಣಿ ಎಪಿಎಂಸಿಯ ಒಂದು ಮಂಡಿಯಲ್ಲಿ ಲೆಕ್ಕ ಬರೆಯುವವಳು. ಹರಾಜು ಮುಗಿದ ಮೇಲೆ ಪಟ್ಟಿ, ಅಂದರೆ ಮಾರಾಟದ ಲೆಕ್ಕದ ಚೀಟಿ ಹಾಕುವುದು, ಗಾಡಿ ಬಾಡಿಗೆ ಕಳೆದು ದುಡ್ಡು ಎಣಿಸಿ ಕೊಡುವುದು ನನ್ನ ಕೆಲಸ. ರೇಟು ಬಿದ್ದ ದಿನ ಬೈಸಿಕೊಳ್ಳುವುದೂ ನಾನೇ. ಮೇಜಿನ ಹಿಂದೆ ಸಿಕ್ಕುವವಳು ನಾನೊಬ್ಬಳೇ ಅಲ್ವಾ? "ಅಕ್ಕಾ, ಮೊನ್ನೆ ಆ ರೇಟು ಇತ್ತು, ಇವತ್ತು ಏನಾಯಿತು?" ಅಂತ ಕೇಳುತ್ತಾರೆ. ಎಷ್ಟೋ ಸಲ ಅದಕ್ಕೆ ಉತ್ತರ ಚಿಂತಾಮಣಿಯಲ್ಲಿ ಇರುವುದೇ ಇಲ್ಲ. ದೆಹಲಿಯಲ್ಲಿ ಇರುತ್ತದೆ, ಢಾಕಾದಲ್ಲಿ ಇರುತ್ತದೆ, ವಾಷಿಂಗ್ಟನ್‌ನಲ್ಲಿ ಇರುತ್ತದೆ. ಒಮ್ಮೊಮ್ಮೆ ಇಲ್ಲೇ ಪಕ್ಕದ ಚಿತ್ತೂರಿನಲ್ಲಿ ಇರುತ್ತದೆ.

ಈ ಬರಹ ಅರ್ಥಶಾಸ್ತ್ರ ಓದಿದವರಿಗಲ್ಲ. ಎರಡು ಎಕರೆ ಈರುಳ್ಳಿ ಇಟ್ಟವರಿಗೆ, ಮನೆಯಲ್ಲಿ ರೇಷ್ಮೆಹುಳು ಸಾಕುವವರಿಗೆ, ಕಾರ್ಖಾನೆಗಳಿರುವ ನರಸಾಪುರದ ಹತ್ತಿರ ಬಾಡಿಗೆ ರೂಮು ಕಟ್ಟಿಸೋಣ ಅಂತ ಸಾಲಕ್ಕೆ ಓಡಾಡುತ್ತಿರುವವರಿಗೆ. ದೇಶ ದೇಶಗಳ ಜಗಳ ನಮ್ಮ ಜಮೀನಿಗೆ ಬರುವುದು ಭಾಷಣದ ಮೂಲಕ ಅಲ್ಲ, ಒಂದು ಸರ್ಕಾರಿ ಆದೇಶದ ಮೂಲಕ. ಆ ಆದೇಶ ಹೆಚ್ಚೆಂದರೆ ಎರಡು ಮೂರು ಪುಟ ಇರುತ್ತದೆ. ಅದನ್ನು ಓದಲು ಕಲಿತರೆ ಸಾಕು, ಅರ್ಧ ಕೆಲಸ ಆಯಿತು.

ಮೊದಲು ಆದೇಶ, ಆಮೇಲೆ ಟಿವಿ

ರಫ್ತು, ಆಮದಿನ ವಿಷಯದಲ್ಲಿ ಎರಡು ಕಡೆಯಿಂದ ಆದೇಶ ಬರುತ್ತದೆ. ಯಾವ ಮಾಲು ಹೊರಗೆ ಹೋಗಬಹುದು, ಯಾವುದು ಹೋಗಬಾರದು ಅಂತ ಹೇಳುವುದು ವಾಣಿಜ್ಯ ಸಚಿವಾಲಯದ ಕೆಳಗಿರುವ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ. ಮಂಡಿಯಲ್ಲಿ ಎಲ್ಲರೂ ಅದನ್ನು ಡಿಜಿಎಫ್‌ಟಿ ಅಂತಲೇ ಕರೆಯುತ್ತಾರೆ. ಎಷ್ಟು ಸುಂಕ ಅಂತ ಹೇಳುವುದು ಹಣಕಾಸು ಸಚಿವಾಲಯ, ಅಂದರೆ ಕಸ್ಟಮ್ಸ್‌ನವರು. ಇವೆರಡೂ ಬೇರೆ ಬೇರೆ ಬಾಗಿಲು. ಒಂದು ತೆರೆದು ಇನ್ನೊಂದು ಅರ್ಧ ಮುಚ್ಚಿರುವುದು ಮಾಮೂಲಿ. ಎರಡೂ ಕಡೆಯ ಅಧಿಸೂಚನೆಗಳು ಅವರವರ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ಇಂಗ್ಲಿಷ್‌ನಲ್ಲಿ ಇರುತ್ತವೆ, ನಿಜ. ಪಿಯುಸಿ ಓದುವ ಮಗಳೋ ಮಗನೋ ಮನೆಯಲ್ಲಿದ್ದರೆ ಕೂರಿಸಿಕೊಂಡು ಓದಿಸಿ.

2024ರ ಮೇ 4ರಂದು ಈರುಳ್ಳಿ ರಫ್ತಿನ ನಿಷೇಧ ತೆಗೆದರು. ಟಿವಿಯಲ್ಲಿ ದಿನವಿಡೀ ಅದೇ ಸುದ್ದಿ. ಮಂಡಿಗೆ ಬಂದ ಒಬ್ಬರು, "ಅಕ್ಕಾ, ಬಿಟ್ಟರಂತೆ! ಇನ್ನು ರೇಟು ಹಾರುತ್ತೆ" ಅಂದರು. "ಎಷ್ಟಕ್ಕೆ ಬಿಟ್ಟಿದ್ದಾರೆ ಅಣ್ಣಾ?" ಅಂತ ಕೇಳಿದೆ. "ಬಿಟ್ಟಿದ್ದಾರೆ ಅಂದ ಮೇಲೆ ಎಷ್ಟಕ್ಕೆ ಅಂದರೇನು?" ಅಂತ ನನ್ನನ್ನೇ ಕೇಳಿದರು.

ಆ ಲೆಕ್ಕವನ್ನು ಅವತ್ತು ಪಟ್ಟಿಯ ಹಿಂದೆಯೇ ಬರೆದು ತೋರಿಸಿದೆ. ಟನ್ನಿಗೆ ಕನಿಷ್ಠ ರಫ್ತು ಬೆಲೆ 550 ಡಾಲರ್. ಅದಕ್ಕಿಂತ ಕಡಿಮೆಗೆ ಮಾರುವ ಹಾಗಿಲ್ಲ. ಅದರ ಮೇಲೆ ಶೇ 40 ರಫ್ತು ಸುಂಕ, ಅಂದರೆ 220 ಡಾಲರ್. ಒಟ್ಟು 770. ಆಗ ಡಾಲರ್ ಸುಮಾರು 83 ರೂಪಾಯಿ ಇತ್ತು. ಗುಣಿಸಿದರೆ ಟನ್ನಿಗೆ ಹತ್ತಿರ ಹತ್ತಿರ 64,000 ರೂಪಾಯಿ, ಕೆಜಿಗೆ 64. ಹಡಗಿನ ಬಾಡಿಗೆ ಇನ್ನೂ ಸೇರಿಲ್ಲ. ಪಾಕಿಸ್ತಾನ, ಚೀನಾ, ಈಜಿಪ್ಟ್ ಈರುಳ್ಳಿಯೂ ಅದೇ ಮಾರುಕಟ್ಟೆಗೆ ಬರುವಾಗ ಈ ರೇಟಿಗೆ ನಮ್ಮದನ್ನು ಯಾರು ಕೊಳ್ಳುತ್ತಾರೆ? "ಬಿಟ್ಟಿದ್ದಾರೆ" ಅನ್ನುವ ಮಾತು ಸುಳ್ಳಲ್ಲ. ಆದರೆ ನಮ್ಮ ಜೇಬಿಗೆ ಬರುವಷ್ಟು ಬಿಟ್ಟಿರಲಿಲ್ಲ.

ಹಾಗಾಗಿ ಆದೇಶ ಕೈಗೆ ಸಿಕ್ಕ ಕೂಡಲೇ ನೋಡಬೇಕಾದ್ದು ಇಷ್ಟು. ಮೊದಲು ಮಾಲಿನ ಹೆಸರು ಮತ್ತು ಅದರ ಪಕ್ಕದ ಕೋಡ್ ಸಂಖ್ಯೆ. ಟೊಮೆಟೊ 0702ರಿಂದ ಶುರುವಾಗುತ್ತದೆ, ಈರುಳ್ಳಿ 0703ರಿಂದ, ಕಚ್ಚಾ ರೇಷ್ಮೆ 5002ರಿಂದ. ಹೆಸರಿನಲ್ಲಿ ಗೊಂದಲ ಆಗಬಹುದು, ಕೋಡ್‌ನಲ್ಲಿ ಆಗುವುದಿಲ್ಲ. ಆಮೇಲೆ ಆ ಮಾಲು "ಮುಕ್ತ"ವೋ, "ನಿರ್ಬಂಧಿತ"ವೋ, "ನಿಷೇಧಿತ"ವೋ ಅಂತ ನೋಡಿ. ನಿರ್ಬಂಧಿತ ಅಂದರೆ ಪರವಾನಗಿ ಇದ್ದರೆ ಕಳಿಸಬಹುದು ಅಂತ. ಪತ್ರಿಕೆಯವರು ಇದನ್ನೂ ನಿಷೇಧ ಅಂತಲೇ ಬರೆದುಬಿಡುತ್ತಾರೆ. ಮೂರನೆಯದು ತಾರೀಕು. ಯಾವತ್ತಿನಿಂದ, ಯಾವತ್ತಿನವರೆಗೆ, ಮುಂಚೆಯೇ ಲೋಡ್ ಆಗಿದ್ದ ಮಾಲಿನ ಗತಿ ಏನು ಅನ್ನುವುದೆಲ್ಲ ಅಲ್ಲಿರುತ್ತದೆ. ಸಾಮಾನ್ಯವಾಗಿ ಆದೇಶ ಬರುವ ಹೊತ್ತಿಗೆ ಹಡಗಿಗೆ ಹೇರಲು ಶುರು ಮಾಡಿದ್ದ, ಅಥವಾ ಕಸ್ಟಮ್ಸ್‌ಗೆ ಒಪ್ಪಿಸಿದ್ದ ಮಾಲಿಗೆ ಒಂದಿಷ್ಟು ರಿಯಾಯಿತಿ ಇರುತ್ತದೆ. ಚೆನ್ನೈ ದಾರಿಯಲ್ಲಿ ಲಾರಿಯಲ್ಲೇ ಇದ್ದ ಮಾಲಿಗೆ ಅದು ಸಿಗುವುದು ಕಷ್ಟ.

ಕೊನೆಗೆ ಷರತ್ತುಗಳು. ಸಣ್ಣಕ್ಷರದಲ್ಲಿ "ಇದನ್ನು ಬಿಟ್ಟು" ಅಂತ ಒಂದು ಸಾಲು ಇರಬಹುದು. ನಮ್ಮ ಜಿಲ್ಲೆಯವರ ಪಾಲು ಇರುವುದು ಆ ಸಾಲಿನಲ್ಲೇ.

ಗುಲಾಬಿ ಈರುಳ್ಳಿ ಕಲಿಸಿದ ಪಾಠ

ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದಲ್ಲಿ ಬೆಳೆಯುವ ಬೆಂಗಳೂರು ರೋಸ್ ಈರುಳ್ಳಿ ಸಣ್ಣಗೆ, ಕೆಂಪಗೆ, ಬುಡ ಚಪ್ಪಟೆಯಾಗಿ ಇರುತ್ತದೆ. ಖಾರ ಜಾಸ್ತಿ. ನಮ್ಮ ಮನೆಗಳಲ್ಲೇ ಅದನ್ನು ಕೊಳ್ಳುವವರು ಕಡಿಮೆ. ಮಲೇಷ್ಯಾ, ಸಿಂಗಪುರ, ಇಂಡೋನೇಷ್ಯಾ ಕಡೆಯವರಿಗೆ ಬೇಕು. 2015ರಲ್ಲಿ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಜಿಐ ಟ್ಯಾಗ್ ಅಂತಾರಲ್ಲ, ಅದೇ.

ಇದರ ಕಷ್ಟ ಏನೆಂದರೆ, ದೆಹಲಿಯಲ್ಲಿ ದಪ್ಪ ಈರುಳ್ಳಿ ರೇಟು ಏರಿದರೆ ಸರ್ಕಾರ ಎಲ್ಲ ಈರುಳ್ಳಿಗೂ ಒಟ್ಟಿಗೆ ಬಾಗಿಲು ಹಾಕುತ್ತದೆ. ನಮ್ಮ ಗುಲಾಬಿ ಈರುಳ್ಳಿಯನ್ನು ದೆಹಲಿಯವರು ತಿನ್ನುವುದಿಲ್ಲ. ಅದನ್ನು ಇಲ್ಲೇ ತಡೆದರೆ ಅಲ್ಲಿ ಒಂದು ರೂಪಾಯಿಯೂ ಇಳಿಯುವುದಿಲ್ಲ. ಆದರೂ ತಡೆಯುತ್ತಾರೆ. 2019ರ ಸೆಪ್ಟೆಂಬರ್ 29ಕ್ಕೆ ನಿಷೇಧ ಬಂತು. ಒಂದು ತಿಂಗಳು ಕಳೆದ ಮೇಲೆ ರೋಸ್ ಈರುಳ್ಳಿ 9,000 ಟನ್ ಮಾತ್ರ, ಚೆನ್ನೈ ಬಂದರಿನಿಂದ ಮಾತ್ರ, ನವೆಂಬರ್ ಮುಗಿಯುವವರೆಗೆ ಮಾತ್ರ ಅಂತ ಬಿಟ್ಟರು. 2020ರ ಸೆಪ್ಟೆಂಬರ್ 14ಕ್ಕೆ ಮತ್ತೆ ನಿಷೇಧ, ಅಕ್ಟೋಬರ್‌ನಲ್ಲಿ 10,000 ಟನ್ನಿಗೆ ಬಿಡುಗಡೆ. 2023ರ ಆಗಸ್ಟ್ 19ಕ್ಕೆ ಶೇ 40 ಸುಂಕ ಹಾಕಿದರು, ಸೆಪ್ಟೆಂಬರ್ 29ಕ್ಕೆ ರೋಸ್‌ಗೆ ವಿನಾಯಿತಿ ಕೊಟ್ಟರು. ಆ ಡಿಸೆಂಬರ್‌ನಲ್ಲಿ ಈರುಳ್ಳಿ ರಫ್ತನ್ನೇ ನಿಲ್ಲಿಸಿದರು. 2024ರ ಮೇನಲ್ಲಿ ಸುಂಕದ ಜೊತೆ ಬಾಗಿಲು ತೆರೆದು, ಅದೇ ತಿಂಗಳ ಕೊನೆಗೆ ರೋಸ್‌ಗೆ ಆ ಸುಂಕ ತೆಗೆದರು.

ಈ ತಾರೀಕುಗಳನ್ನು ಒಂದರ ಕೆಳಗೆ ಒಂದು ಬರೆದು ನೋಡಿ. ಪೆಟ್ಟು ತಕ್ಷಣ ಬೀಳುತ್ತದೆ, ವಿನಾಯಿತಿ ಮೂರು ವಾರವೋ ಆರು ವಾರವೋ ತಡವಾಗಿ ಬರುತ್ತದೆ. ಆ ನಡುವೆ ಕಿತ್ತವರು ಸಿಕ್ಕ ರೇಟಿಗೆ ಕೊಟ್ಟು ಹೋಗಿರುತ್ತಾರೆ. ನಾನು ಬರೆದ ಪಟ್ಟಿಗಳಲ್ಲಿ ಅಂಥವು ಬೇಕಾದಷ್ಟಿವೆ. ವಿನಾಯಿತಿಯ ಸುದ್ದಿ ಬಂದಾಗ ಮಾಲು ಇದ್ದದ್ದು ಗೋಡೌನ್ ಇರುವವರ ಹತ್ತಿರ. ಹೊಲದವರ ಹತ್ತಿರ ಅಲ್ಲ.

ವಿನಾಯಿತಿಗೆ ಒಂದು ಷರತ್ತು ಇದೆ. ಇದು ರೋಸ್ ಈರುಳ್ಳಿಯೇ, ಇಷ್ಟು ಟನ್ ಇದೆ ಅಂತ ಕರ್ನಾಟಕದ ತೋಟಗಾರಿಕೆ ಆಯುಕ್ತರಿಂದ ಸರ್ಟಿಫಿಕೇಟ್ ಬೇಕು. ಅದನ್ನು ತರುವವರು ರಫ್ತುದಾರರು. ಆದರೆ ಅವರು ನಿಮ್ಮ ಮಾಲು ಕೊಳ್ಳಬೇಕಾದರೆ ಅದು ರೋಸ್ ಅಂತ ತೋರಿಸಲು ನಿಮ್ಮ ಹತ್ತಿರವೂ ಏನಾದರೂ ಇರಬೇಕು ಅಲ್ವಾ? ಪಹಣಿಯಲ್ಲಿ ಬೆಳೆ ಕಾಲಂ ಸರಿ ಇದೆಯಾ ನೋಡಿಕೊಳ್ಳಿ. ಬೆಳೆ ಸಮೀಕ್ಷೆಗೆ ಬಂದ ಹುಡುಗ ಹೊಲದ ಬದುವಿನಲ್ಲೇ ನಿಂತು ಮೊಬೈಲಿನಲ್ಲಿ ಬರೀ "ಈರುಳ್ಳಿ" ಅಂತ ಒತ್ತಿ ಹೋಗಿಬಿಡುತ್ತಾನೆ. ಬೀಜ ಕೊಂಡ ಬಿಲ್ಲನ್ನು ಬಿಸಾಡಬೇಡಿ. ಮಾರಿದಾಗ ಬಿಳಿ ಚೀಟಿ ತೆಗೆದುಕೊಂಡು ಸುಮ್ನೆ ಬರಬೇಡಿ. ಸರಿಯಾದ ಪಟ್ಟಿ ಕೇಳಿ, ಅದರಲ್ಲಿ "ರೋಸ್" ಅಂತ ಬರೆಸಿ. ಬಿಳಿ ಚೀಟಿ ಕೊಡುವ ಮಂಡಿಗಳು ಯಾವುವು ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಬೆಳೆ ಕ್ಯಾಲೆಂಡರ್ ಪಕ್ಕದಲ್ಲಿ ಚುನಾವಣೆ ಕ್ಯಾಲೆಂಡರ್

ಮನೆಯಲ್ಲಿ ಗೋಡೆಗೆ ಪಂಚಾಂಗದ ಕ್ಯಾಲೆಂಡರ್ ನೇತು ಹಾಕಿರುತ್ತೀರಿ. ಅದರಲ್ಲೇ ದೊಡ್ಡ ರಾಜ್ಯಗಳ ಚುನಾವಣೆ ತಿಂಗಳಿಗೆ ಗುರುತು ಹಾಕಿ. 2019ರ ಸೆಪ್ಟೆಂಬರ್ ನಿಷೇಧ ಬಂದಾಗ ಮಹಾರಾಷ್ಟ್ರ, ಹರಿಯಾಣ ಚುನಾವಣೆ ಮುಂದಿನ ತಿಂಗಳೇ ಇತ್ತು. 2020ರದು ಬಂದಾಗ ಬಿಹಾರ ಎದುರಿಗಿತ್ತು. 2023ರ ಡಿಸೆಂಬರ್‌ನಲ್ಲಿ ನಿಲ್ಲಿಸಿದ್ದನ್ನು ತೆಗೆದದ್ದು ಲೋಕಸಭೆ ಮತದಾನ ನಡೆಯುತ್ತಿರುವಾಗಲೇ, ನಾಸಿಕ್ ಭಾಗದ ಮತದಾನಕ್ಕೆ ಸುಮಾರು ಎರಡು ವಾರ ಮುಂಚೆ. 2024ರ ಸೆಪ್ಟೆಂಬರ್ 13ಕ್ಕೆ ಕನಿಷ್ಠ ಬೆಲೆ ತೆಗೆದು ಸುಂಕವನ್ನು 20ಕ್ಕೆ ಇಳಿಸಿದಾಗ ಮಹಾರಾಷ್ಟ್ರ ವಿಧಾನಸಭೆ ಚುನಾವಣೆ ಹತ್ತಿರ ಬಂದಿತ್ತು. ಆ 20ನ್ನೂ ತೆಗೆದದ್ದು 2025ರ ಏಪ್ರಿಲ್ 1ಕ್ಕೆ.

ಮಳೆ, ಇಳುವರಿ, ದಾಸ್ತಾನು ಇವೂ ಕಾರಣವೇ. ಎಲ್ಲವನ್ನೂ ರಾಜಕೀಯದ ತಲೆಗೆ ಕಟ್ಟುವುದಿಲ್ಲ. ಆದರೆ ಕೊಂಡು ತಿನ್ನುವವರ ಓಟು ಎದುರಿಗಿದ್ದರೆ ಬಾಗಿಲು ಮುಚ್ಚುವ ಸಾಧ್ಯತೆ ಜಾಸ್ತಿ. ಬೆಳೆಯುವವರ ಓಟು ಎದುರಿಗಿದ್ದರೆ ತೆರೆಯುವ ಸಾಧ್ಯತೆ ಜಾಸ್ತಿ. ನಾಸಿಕ್‌ನಲ್ಲಿ ಈರುಳ್ಳಿ ಬೆಳೆಯುವವರು ಎಷ್ಟು ಜನ, ನಮ್ಮ ಜಿಲ್ಲೆಯಲ್ಲಿ ಗುಲಾಬಿ ಈರುಳ್ಳಿಯವರು ಎಷ್ಟು ಜನ ಅಂತ ಹೋಲಿಸಿ ನೋಡಿ. ಆಗ ನಮ್ಮ ವಿನಾಯಿತಿ ಯಾಕೆ ಕೊನೆಗೆ ಬರುತ್ತದೆ ಅಂತ ಅರ್ಥವಾಗುತ್ತದೆ.

ಟೊಮೆಟೊದಲ್ಲೂ ಇದೇ ಕಥೆ. 2023ರ ಜುಲೈಯಲ್ಲಿ ಕೋಲಾರದ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತು. ಕೇಂದ್ರ ಸರ್ಕಾರ ಕೂಡಲೇ ನಾಫೆಡ್, ಎನ್‌ಸಿಸಿಎಫ್ ಅನ್ನುವ ಸಹಕಾರಿ ಸಂಸ್ಥೆಗಳ ಕಡೆಯಿಂದ ಇಲ್ಲಿಯ ಮಂಡಿಗಳಲ್ಲಿ ಕೊಂಡು ದೆಹಲಿಯಲ್ಲಿ ಕೆಜಿ 90 ರೂಪಾಯಿಗೆ ಮಾರಿಸಿತು. ಆಗಸ್ಟ್‌ನಲ್ಲಿ ನೇಪಾಳದಿಂದ ತರಿಸುವುದಾಗಿ ಸಂಸತ್ತಿನಲ್ಲೇ ಹೇಳಿದರು. ಬಾಕ್ಸು 50 ರೂಪಾಯಿಗೆ ಬಿದ್ದು ರಸ್ತೆ ಬದಿಗೆ ಸುರಿದು ಹೋಗುವ ವರ್ಷಗಳಲ್ಲಿ ಇಷ್ಟು ಬೇಗ ಯಾರೂ ಲಾರಿ ಕಳಿಸಿದ್ದನ್ನು ನಾನು ಕಂಡಿಲ್ಲ.

ರೇಷ್ಮೆ: ಎದುರಿಗೆ ಕೂತವರು ಯಾರು?

ನನ್ನ ತವರು ಶಿಡ್ಲಘಟ್ಟದ ಕಡೆ. ಮನೆ ತುಂಬ ಹುಳು ಗೂಡು ಕಟ್ಟುವ ಚಂದ್ರಿಕೆ, ಹುಳು ಸೊಪ್ಪು ಮೇಯುವ ಸದ್ದು, ಮಾರುಕಟ್ಟೆಗೆ ಹೋಗಿ ಲಾಟು ಹಾಕಿ ಕಾಯುವುದು. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ 5ಕ್ಕೆ ಇಳಿಸಿದರು. ಚೀನಾ ರೇಷ್ಮೆ ಅಗ್ಗವಾಗಿ ಬಂತು, ಗೂಡಿನ ರೇಟು ಕುಸಿಯಿತು. ಶಿಡ್ಲಘಟ್ಟ, ರಾಮನಗರದ ಕಡೆ ರೈತರು ಬೀದಿಗೆ ಇಳಿದರು. 2013ರಲ್ಲಿ ಸುಂಕ 15ಕ್ಕೆ ಏರಿತು. ನಡುವೆ 10ಕ್ಕೆ ಇಳಿದು, 2021ರ ಬಜೆಟ್‌ನಲ್ಲಿ ಮತ್ತೆ 15 ಆಯಿತು. 30, 5, 15, 10, 15. ಹಿಪ್ಪುನೇರಳೆ ನಾಟಿ ಮಾಡಿದರೆ ಅದೇ ಗಿಡ ಹದಿನೈದು ವರ್ಷ ಸೊಪ್ಪು ಕೊಡುತ್ತದೆ. ಸುಂಕ ಮಾತ್ರ ಎರಡು ಮೂರು ವರ್ಷಕ್ಕೊಮ್ಮೆ ಹೊರಳುತ್ತದೆ.

ಯಾಕೆ ಹೊರಳುತ್ತದೆ? ಮೇಜಿನ ಆ ಕಡೆ ಚೀನಾ ಒಂದೇ ಕೂತಿಲ್ಲ. ಕಂಚಿ, ಧರ್ಮಾವರ, ವಾರಾಣಸಿಯ ನೇಕಾರರೂ ಕೂತಿದ್ದಾರೆ. ಅವರಿಗೆ ನೂಲು ಅಗ್ಗವಾಗಿ, ಒಂದೇ ಸಮನಾಗಿ ಬೇಕು. ಸುಂಕ ಏರಿಸಿದರೆ ಅವರ ಮಗ್ಗ ನಿಲ್ಲುತ್ತದೆ, ಇಳಿಸಿದರೆ ನಮ್ಮ ಹುಳುಮನೆ ಖಾಲಿಯಾಗುತ್ತದೆ. ಇಬ್ಬರೂ ಬಡವರೇ, ಇಬ್ಬರೂ ಓಟು ಹಾಕುವವರೇ. ಯಾವ ಪಕ್ಷದ ಸರ್ಕಾರ ಬಂದರೂ ಈ ಹಗ್ಗಜಗ್ಗಾಟ ತಪ್ಪಿಲ್ಲ.

ಆದ್ದರಿಂದ ಯಾವುದೇ ಸುಂಕದ ಸುದ್ದಿ ಬಂದಾಗ "ಇದು ದೇಶಕ್ಕೆ ಒಳ್ಳೆಯದಾ" ಅಂತ ಕೇಳುತ್ತಾ ಕೂರಬೇಡಿ. ನಮ್ಮ ಮಾಲನ್ನು ಕೊಂಡು ಇನ್ನೊಂದು ಮಾಲು ಮಾಡುವವರು ಯಾರು, ಅವರಿಗೆ ಇದರಿಂದ ಏನಾಗುತ್ತದೆ ಅಂತ ಕೇಳಿ. ಅವರ ಸಂಕಟ ಜಾಸ್ತಿಯಾದ ವರ್ಷ ಸುಂಕ ಇಳಿಯುತ್ತದೆ ಅಂದುಕೊಂಡು ತಯಾರಾಗಿ. ಹತ್ತಿಯಲ್ಲಿ ಇದೇ ಆಯಿತು. 2021ರಲ್ಲಿ ಹಾಕಿದ್ದ ಆಮದು ಸುಂಕವನ್ನು 2025ರ ಆಗಸ್ಟ್‌ನಲ್ಲಿ ತಾತ್ಕಾಲಿಕವಾಗಿ ತೆಗೆದರು. ಅಮೆರಿಕ ನಮ್ಮ ಬಟ್ಟೆಗೆ ಭಾರೀ ಸುಂಕ ಹಾಕಿತ್ತು, ಮಿಲ್ಲುಗಳನ್ನು ಉಳಿಸಬೇಕಿತ್ತು. ಹತ್ತಿ ಬೆಳೆಗಾರರು ಆ ಜಗಳದಲ್ಲಿ ಎಲ್ಲೂ ಇರಲಿಲ್ಲ, ಪೆಟ್ಟು ಮಾತ್ರ ಅವರ ಕಡೆಗೂ ಬಂತು.

ಇನ್ನೊಂದು ಮಾತು. ಸುಂಕದ ಗೋಡೆ ಶಾಶ್ವತ ಅಲ್ಲ, ಒಂದಿಷ್ಟು ಸಮಯ ಕೊಡುತ್ತದೆ ಅಷ್ಟೇ. ಆ ಸಮಯದಲ್ಲಿ ಮಿಶ್ರತಳಿ ಬಿಟ್ಟು ದ್ವಿತಳಿ ಗೂಡಿಗೆ ಬದಲಾದವರು, ಸಹಾಯಧನ ಹಿಡಿದು ಗೂಡಿನಿಂದ ನೂಲು ತೆಗೆಯುವ ಸ್ವಯಂಚಾಲಿತ ರೀಲಿಂಗ್ ಯಂತ್ರ ಹಾಕಿಸಿದವರು ಚೀನಾ ನೂಲಿನ ಗುಣಮಟ್ಟಕ್ಕೆ ಹತ್ತಿರ ಬಂದರು. ಸಹಾಯಧನದ ಸುತ್ತೋಲೆ ಬಂದಾಗ ರೇಷ್ಮೆ ಇಲಾಖೆಯ ಬಾಗಿಲಿಗೆ ಮೊದಲು ಹೋಗಿ ನಿಲ್ಲಿ.

ಜಗಳ ನಂಗಲಿ ದಾಟಿದರೆ ಸಾಕು

ವ್ಯಾಪಾರದ ಜಗಳ ಅಂದರೆ ಅಮೆರಿಕ, ಚೀನಾ ಅಂತಲೇ ಅಂದುಕೊಳ್ಳುತ್ತೇವೆ. 2025ರ ಜೂನ್‌ನಲ್ಲಿ ಅದು ಆಂಧ್ರ ಗಡಿಯಲ್ಲಿರುವ ನಂಗಲಿಯ ಆಚೆಯೇ ಬಂದು ನಿಂತಿತ್ತು. ಆಂಧ್ರದ ಚಿತ್ತೂರು ಜಿಲ್ಲಾಡಳಿತ ಬೇರೆ ರಾಜ್ಯದ ತೋತಾಪುರಿ ಮಾವು ಒಳಗೆ ಬರಬಾರದು ಅಂತ ಜೂನ್ 7ಕ್ಕೆ ಆದೇಶ ಮಾಡಿತು. ನಮ್ಮ ಶ್ರೀನಿವಾಸಪುರದ ತೋತಾಪುರಿ ಬಹಳಷ್ಟು ಹೋಗುವುದು ಚಿತ್ತೂರಿನ ತಿರುಳು ಕಾರ್ಖಾನೆಗಳಿಗೇ. ಅವರ ಕಡೆ ಕಾರ್ಖಾನೆಯವರು ಕೆಜಿಗೆ 8 ರೂಪಾಯಿ, ಸರ್ಕಾರ ಅದರ ಮೇಲೆ 4 ರೂಪಾಯಿ ಕೊಡುವ ಏರ್ಪಾಡು ಮಾಡಿದ್ದರು. ಹೊರಗಿನ ಅಗ್ಗದ ಹಣ್ಣು ಬಂದರೆ ತಮ್ಮ ರೈತರ ಹಣ್ಣು ಮಾರಾಟವಾಗದೆ ಉಳಿಯುತ್ತದೆ ಅನ್ನುವುದು ಅವರ ಲೆಕ್ಕ. ಶ್ರೀನಿವಾಸಪುರದಲ್ಲಿ ಬಂದ್ ಆಯಿತು. ನಮ್ಮ ಮುಖ್ಯಮಂತ್ರಿ ಆಂಧ್ರದ ಮುಖ್ಯಮಂತ್ರಿಗೆ ಪತ್ರ ಬರೆದರು.

ಸಂವಿಧಾನದ 301ನೇ ವಿಧಿ ದೇಶದೊಳಗೆ ವ್ಯಾಪಾರಕ್ಕೆ ತಡೆ ಇರಬಾರದು ಅನ್ನುತ್ತದೆ. ಸರಿ. ಆದರೆ ಹಣ್ಣು ಕೋರ್ಟಿನ ತಾರೀಕಿಗೆ ಕಾಯುತ್ತದಾ? ಹಾಗಾಗಿ ಇಂಥ ಸಮಯದಲ್ಲಿ ನೋಡಬೇಕಾದ್ದು ಪರಿಹಾರದ ಯೋಜನೆ. ಆ ವರ್ಷ ಕೇಂದ್ರ ಸರ್ಕಾರ 2.5 ಲಕ್ಷ ಟನ್ ತೋತಾಪುರಿಗೆ ಬೆಲೆ ವ್ಯತ್ಯಾಸ ಕೊಡಲು ಒಪ್ಪಿತು. ಕ್ವಿಂಟಲ್‌ಗೆ 1,616 ರೂಪಾಯಿ ಅಂತ ಗೊತ್ತು ಮಾಡಿದರು, ಖರ್ಚು ಕೇಂದ್ರ ರಾಜ್ಯ ಅರ್ಧ ಅರ್ಧ. ಕೇಳಿದವರೆಲ್ಲ ಕೆಜಿಗೆ 16 ರೂಪಾಯಿ ಸಿಗುತ್ತದೆ ಅಂದುಕೊಂಡರು. ಈ ಯೋಜನೆಯಲ್ಲಿ ವ್ಯತ್ಯಾಸದ ದುಡ್ಡಿಗೆ ಮಿತಿ ಇದೆ. ಗೊತ್ತು ಮಾಡಿದ ಬೆಲೆಯ ಕಾಲು ಭಾಗಕ್ಕಿಂತ ಜಾಸ್ತಿ ಕೊಡುವುದಿಲ್ಲ. 1,616ರ ಕಾಲು ಭಾಗ 404. ಕೆಜಿಗೆ 4 ರೂಪಾಯಿ ಚಿಲ್ಲರೆ. ಮಂಡಿಯಲ್ಲಿ 6 ರೂಪಾಯಿಗೆ ಮಾರಿದವರಿಗೆ ಒಟ್ಟು 10 ಸಿಕ್ಕಿತು, 16 ಅಲ್ಲ.

ಅದು ಸಿಗಲೂ ಕಾಗದ ಸರಿ ಇರಬೇಕು. ಎಫ್‌ಐಡಿ, ಅಂದರೆ ಸರ್ಕಾರ ಕೊಡುವ ರೈತರ ಗುರುತಿನ ಸಂಖ್ಯೆ ಬೇಕು, ಅದರಲ್ಲಿ ನಿಮ್ಮ ಎಲ್ಲ ಸರ್ವೆ ನಂಬರ್ ಸೇರಿರಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿರಬೇಕು, ತೂಕದ ಚೀಟಿ ಕೈಯಲ್ಲಿರಬೇಕು. ಅಪ್ಪನ ಹೆಸರಲ್ಲಿ ಪಹಣಿ, ಅಣ್ಣನ ಹೆಸರಲ್ಲಿ ಖಾತೆ, ತಮ್ಮನ ಹೆಸರಲ್ಲಿ ಪಟ್ಟಿ ಇಟ್ಟುಕೊಂಡು ಬರುವ ಮನೆಗಳು ನಮ್ಮಲ್ಲಿ ಜಾಸ್ತಿ. ತೋಟವನ್ನು ಹೂವಿನಲ್ಲೇ ಗುತ್ತಿಗೆಗೆ ಕೊಟ್ಟಿದ್ದರೆ ದುಡ್ಡು ಯಾರಿಗೆ ಅನ್ನುವುದನ್ನು ಗುತ್ತಿಗೆ ಕಾಗದದಲ್ಲೇ ಬರೆದುಕೊಳ್ಳಿ. ಆಮೇಲೆ ಜಗಳ ಆಗುವುದು ಚಿತ್ತೂರಿನವರ ಜೊತೆ ಅಲ್ಲ, ಗುತ್ತಿಗೆದಾರನ ಜೊತೆ.

ಕೋಲಾರ ಜಿಲ್ಲೆಯಲ್ಲಿ ಇಷ್ಟು ಮಾವು ಇದ್ದು, ತಿರುಳು ತೆಗೆಸಲು ಪಕ್ಕದ ರಾಜ್ಯಕ್ಕೆ ಹೋಗಬೇಕಾದ ಗತಿ ಯಾಕೆ ಅಂತ ಮಾತ್ರ ಯಾವ ಪರಿಹಾರದ ಆದೇಶದಲ್ಲೂ ಬರೆದಿರುವುದಿಲ್ಲ.

ಅಮೆರಿಕ ಸುಂಕ: ಫೋನಿಗೆ ಒಂದು, ಮಿಡಿ ಸೌತೆಗೆ ಇನ್ನೊಂದು

2025ರ ಆಗಸ್ಟ್ 7ಕ್ಕೆ ಅಮೆರಿಕ ನಮ್ಮ ಮಾಲಿನ ಮೇಲೆ ಶೇ 25 ಸುಂಕ ಹಾಕಿತು. ರಷ್ಯಾದಿಂದ ಎಣ್ಣೆ ಕೊಳ್ಳುತ್ತೀರಿ ಅಂತ ಆಗಸ್ಟ್ 27ಕ್ಕೆ ಇನ್ನೂ 25 ಸೇರಿಸಿತು. ಒಟ್ಟು 50. ಆ ದಿನ ಕೋಲಾರದಲ್ಲೇ ಎರಡು ಥರದ ಪರಿಣಾಮ ಇತ್ತು. ನರಸಾಪುರದಲ್ಲಿ ಐಫೋನ್ ಮಾಡುವ ಕಾರ್ಖಾನೆ ಇದೆ, ಮೊದಲು ವಿಸ್ಟ್ರಾನ್‌ನದು, 2023ರಲ್ಲಿ ಟಾಟಾ ಕೊಂಡಿತು. ಮೊಬೈಲ್ ಫೋನಿಗೆ ಆ 50 ಅನ್ವಯ ಆಗಲಿಲ್ಲ, ವಿನಾಯಿತಿ ಇತ್ತು. ಚೀನಾ ಮೇಲೆ ಅಮೆರಿಕ ಮುನಿಸಿಕೊಂಡಿದ್ದರಿಂದ ನಮ್ಮ ಕಡೆಯ ಫೋನಿಗೆ ಬೇಡಿಕೆಯೇ ಜಾಸ್ತಿಯಾಯಿತು. ಉಪ್ಪುನೀರಿನಲ್ಲಿ ಹಾಕಿ ಡ್ರಮ್ಮಿನಲ್ಲಿ ಕಳಿಸುವ ಮಿಡಿ ಸೌತೆಗೆ ಆ ವಿನಾಯಿತಿ ಇರಲಿಲ್ಲ.

ಮಿಡಿ ಸೌತೆ ಬೆಳೆಯುವುದು ಕಂಪನಿಯ ಒಪ್ಪಂದದ ಮೇಲೆ. ನಮ್ಮವರು ತಿನ್ನುವುದಿಲ್ಲ, ಹೆಚ್ಚುಕಡಿಮೆ ಪೂರ್ತಿ ಹೊರಗೆ ಹೋಗುತ್ತದೆ. 2020-21ರಲ್ಲಿ ಭಾರತದಿಂದ ಸೌತೆ, ಮಿಡಿ ಸೌತೆ ಎರಡೂ ಸೇರಿ 22.3 ಕೋಟಿ ಡಾಲರಿನ ಮಾಲು ಹೋಗಿದೆ. ಇದನ್ನು ದಿನಾ ಕೀಳಬೇಕು. ಒಂದು ರಾತ್ರಿ ಬಿಟ್ಟರೆ ಕಾಯಿ ದಪ್ಪವಾಗಿ ಗ್ರೇಡ್ ಇಳಿಯುತ್ತದೆ, ರೇಟು ಅರ್ಧವಾಗುತ್ತದೆ. "ಸುಂಕ ಇಳಿದ ಮೇಲೆ ಕೀಳೋಣ" ಅನ್ನುವ ಮಾತೇ ಇಲ್ಲ. ಹಾಗಾಗಿ ಸಹಿ ಹಾಕುವ ಮುಂಚೆ ಒಪ್ಪಂದದಲ್ಲಿ ಇಷ್ಟು ನೋಡಿ: ಗ್ರೇಡುವಾರು ರೇಟು ಬೆಳೆ ಮುಗಿಯುವವರೆಗೆ ಗಟ್ಟಿಯೇ, ಕಂಪನಿ ನಡುವೆ ಬದಲಿಸಬಹುದೇ? ಕಂಪನಿ ಮಾಲು ಎತ್ತದಿದ್ದರೆ ಬೀಜ, ಗೊಬ್ಬರದ ಸಾಲ ಯಾರ ತಲೆಗೆ? ತಿರಸ್ಕಾರ ಮಾಡುವುದು ಹೊಲದಲ್ಲೋ, ಕಾರ್ಖಾನೆಗೆ ಹೋದ ಮೇಲೋ? ಕೊನೆಯದರಲ್ಲೇ ಜನ ಜಾಸ್ತಿ ಕಳೆದುಕೊಳ್ಳುತ್ತಾರೆ. ಯುರೋಪಿಗೂ ಕಳಿಸುವ ಕಂಪನಿಯಾ, ಅಮೆರಿಕ ಒಂದನ್ನೇ ನಂಬಿದೆಯಾ ಅಂತ ಕಂಪನಿಯ ಕ್ಷೇತ್ರಾಧಿಕಾರಿಯನ್ನು ನೇರವಾಗಿ ಕೇಳಿ. ಹೇಳಲು ತಡವರಿಸಿದರೆ ಒಂದು ಎಕರೆ ಇಡಬೇಕು ಅಂದುಕೊಂಡಿದ್ದನ್ನು ಅರ್ಧ ಎಕರೆ ಇಡಿ.

ಈಗ ರೂಮು ಕಟ್ಟಿಸುವವರ ವಿಷಯ. ನರಸಾಪುರ, ವೇಮಗಲ್ ಸುತ್ತ ಊರುಗಳಲ್ಲಿ ಶೀಟಿನ ಮನೆ, ಪಿಜಿ ಕಟ್ಟಿಸಿದವರಿಗೆ ಬಾಡಿಗೆ ಬರುತ್ತಿದೆ, ಒಳ್ಳೆಯದು. ಆ ಕೆಲಸಗಳು ನಿಂತಿರುವುದು ಕೂಡ ಆದೇಶಗಳ ಮೇಲೆಯೇ ಅಂತ ಗೊತ್ತಿರಲಿ. 2020ರಲ್ಲಿ ಕೇಂದ್ರ ತಂದ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ, ಪಿಎಲ್‌ಐ ಅಂತಾರಲ್ಲ, ಫೋನ್ ಮಾಡುವವರಿಗೆ ಜಾಸ್ತಿ ಮಾರಿದ ಮಾಲಿನ ಮೇಲೆ ಶೇ 4ರಿಂದ 6ರಷ್ಟು ಕೊಡುತ್ತಿತ್ತು. ಅದು 2025-26ರವರೆಗಿನ ಯೋಜನೆ. ಅದೇ 2020ರ ಏಪ್ರಿಲ್‌ನಲ್ಲಿ ಇನ್ನೊಂದು ನಿಯಮ ಬಂತು: ಗಡಿ ಹಂಚಿಕೊಂಡಿರುವ ದೇಶಗಳ ಬಂಡವಾಳಕ್ಕೆ ಸರ್ಕಾರದ ಅನುಮತಿ ಬೇಕು. ಅಂದರೆ ಆಮೇಲೆ ಚೀನಾ ಬಿಡಿಭಾಗ ಕಂಪನಿ ನಮ್ಮಲ್ಲಿ ಬರುವುದು ಸುಲಭ ಇರಲಿಲ್ಲ. ಬ್ಯಾಂಕಿನವರು ಹದಿನೈದು ವರ್ಷದ ಕಂತು ಹೇಳಿದರೆ, ಪ್ರೋತ್ಸಾಹಧನದ ಅವಧಿ ಎಷ್ಟು ವರ್ಷ ಅಂತ ಪಕ್ಕದಲ್ಲಿ ಬರೆದು ನೋಡಿ. ನಮ್ಮ ಸಂಬಂಧಿಕರೊಬ್ಬರಿಗೆ ನಾನು ಹೇಳಿದ್ದು ಇಷ್ಟೇ: ಮೊದಲು ಕೆಳಗಿನ ಮನೆ ಮಾತ್ರ ಕಟ್ಟಿಸು, ಅದರ ಬಾಡಿಗೆಯಲ್ಲಿ ಕಂತು ತೀರುತ್ತಾ ಬಂದರೆ ಮೇಲೆ ಎತ್ತು. ಅವನು ಮೂರು ಮಹಡಿ ಎತ್ತಿದ್ದಾನೆ. ಸದ್ಯಕ್ಕೆ ತುಂಬಿದೆ.

ಕಡತದಲ್ಲಿ ಏನಿಡಬೇಕು, ಅರ್ಜಿ ಯಾರಿಗೆ ಬರೆಯಬೇಕು

ಒಂದು ಪ್ಲಾಸ್ಟಿಕ್ ಕಡತ ಮಾಡಿ. ಅದರಲ್ಲಿ ನಿಮ್ಮ ಬೆಳೆಗೆ ಸಂಬಂಧಪಟ್ಟ ಆದೇಶಗಳನ್ನು ತಾರೀಕು ಪ್ರಕಾರ ಇಡಿ. ಅದರ ಹಿಂದೆ ಅದೇ ವಾರದ ನಿಮ್ಮ ಪಟ್ಟಿಗಳು. ಎಪಿಎಂಸಿ ಬೋರ್ಡಿನಲ್ಲಿ ಬರೆಯುವ ಅವತ್ತಿನ ರೇಟಿನ ಫೋಟೋವನ್ನೂ ಪ್ರಿಂಟ್ ಹಾಕಿಸಿ. ಆದೇಶಕ್ಕೆ ಮುಂಚಿನ ಪಟ್ಟಿ, ಆದೇಶದ ನಂತರದ ಪಟ್ಟಿ ಪಕ್ಕಪಕ್ಕ ಇಟ್ಟರೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಬೇಡ. ಬರೀ "ನಷ್ಟವಾಗಿದೆ, ಪರಿಹಾರ ಕೊಡಿ" ಅಂತ ಬರೆದ ಅರ್ಜಿಗಳು ಯಾವ ಮೇಜಿನ ಮೇಲೂ ನಿಲ್ಲುವುದಿಲ್ಲ.

ಅರ್ಜಿಯಲ್ಲಿ ಮೊದಲ ಸಾಲಿಗೇ ಆದೇಶದ ಸಂಖ್ಯೆ, ತಾರೀಕು. ಎರಡನೆಯದು ಮಾಲಿನ ಹೆಸರು, ಕೋಡ್. ಆಮೇಲೆ ಮುಂಚೆ ರೇಟು ಎಷ್ಟಿತ್ತು, ಈಗ ಎಷ್ಟು. ಆಮೇಲೆ ನಿಮಗೆ ಬೇಕಾದ್ದು ಒಂದೇ ಸಾಲಿನಲ್ಲಿ: "ಬೆಂಗಳೂರು ರೋಸ್ ಈರುಳ್ಳಿಯನ್ನು ಈ ಆದೇಶದಿಂದ ಹೊರಗಿಡಬೇಕು" ಅಂತ. ಹಿಂದೆ 2019, 2020, 2023ರಲ್ಲಿ ಇಂಥ ವಿನಾಯಿತಿ ಕೊಟ್ಟಿದ್ದರು ಅಂತ ತಾರೀಕು ಸಮೇತ ಸೇರಿಸಿ. ಹಿಂದೆ ಕೊಟ್ಟದ್ದನ್ನು ಮತ್ತೆ ಕೊಡುವುದು ಅಧಿಕಾರಿಗಳಿಗೆ ಸುಲಭ, ಹೊಸದಾಗಿ ಕೊಡುವುದು ಕಷ್ಟ. ಒಬ್ಬರೇ ಸಹಿ ಹಾಕುವ ಬದಲು ರೈತ ಉತ್ಪಾದಕರ ಕಂಪನಿಯ ಲೆಟರ್‌ಹೆಡ್‌ನಲ್ಲಿ ಬರೆಸಿ.

ಒಂದು ಪ್ರತಿ ಜಿಲ್ಲಾ ತೋಟಗಾರಿಕೆ ಉಪನಿರ್ದೇಶಕರಿಗೆ, ಒಂದು ಬೆಂಗಳೂರಿನ ಡಿಜಿಎಫ್‌ಟಿ ಕಚೇರಿಗೆ, ಒಂದು ಬೆಂಗಳೂರಿನಲ್ಲೇ ಇರುವ, ಕೃಷಿ ಮಾಲಿನ ರಫ್ತು ನೋಡಿಕೊಳ್ಳುವ ಅಪೆಡಾ ಕಚೇರಿಗೆ. ಎಲ್ಲ ಕಡೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಉತ್ತರ ಬರದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. ನಾಲ್ಕನೇ ಪ್ರತಿ ಸಂಸದರಿಗೆ. ಅವರ ಕಚೇರಿಯಲ್ಲಿ ಫೋಟೋ ತೆಗೆಸಿಕೊಂಡು ಬರುವುದರಿಂದ ಏನೂ ಆಗುವುದಿಲ್ಲ, ಲೋಕಸಭೆಯಲ್ಲಿ ಪ್ರಶ್ನೆ ಕೇಳಿಸಬೇಕು. ಪ್ರಶ್ನೆಗೆ ಸಚಿವಾಲಯ ಲಿಖಿತ ಉತ್ತರ ಕೊಡಬೇಕಾಗುತ್ತದೆ, ಅದು ದಾಖಲೆಯಾಗಿ ಉಳಿಯುತ್ತದೆ. ಪ್ರಶ್ನೆಗೆ ಕನಿಷ್ಠ 15 ದಿನ ಮುಂಚೆ ನೋಟಿಸ್ ಕೊಡಬೇಕು. ಆದ್ದರಿಂದ ಅಧಿವೇಶನ ಶುರುವಾದ ಮೇಲೆ ಓಡಬೇಡಿ, ತಾರೀಕು ಪ್ರಕಟವಾದ ವಾರವೇ ಅರ್ಜಿ ಅವರ ಆಪ್ತ ಕಾರ್ಯದರ್ಶಿಯ ಕೈ ಸೇರಿರಲಿ.